ಹಿಂದಿನಿಂದ ಗುದ್ದಿದ ಗಾಡಿ ಎಷ್ಟು ಸ್ಪೀಡಲ್ಲಿತ್ತು? ಟೇಪು, ಕ್ಯಾಲ್ಕ್ಯುಲೇಟರ್ ಹಿಡಿದು ಲೆಕ್ಕ ಹಾಕುವ ಬಗೆ

"ನಲವತ್ತರಲ್ಲಿ ಬರ್ತಿದ್ದೆ ಸಾರ್, ಮುಂದಿನವನು ಸಡನ್ನಾಗಿ ಬ್ರೇಕ್ ಹಾಕ್ದ." ಹಿಂದಿನಿಂದ ಗುದ್ದಿದ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಮ್ಮಿ ಇದೇ. ಗುದ್ದಿಸಿಕೊಂಡವರು "ನೂರರ ಮೇಲೆ ಬಂದು ಹೊಡೆದ" ಅನ್ನುತ್ತಾರೆ. ಸ್ಟೇಷನ್ನಿನಲ್ಲಿ, ಇನ್ಶೂರೆನ್ಸ್ ಸರ್ವೇಯರ್ ಮುಂದೆ, ಆಮೇಲೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ನಲ್ಲಿ ಈ ಎರಡು ಮಾತೂ ಎದುರುಬದುರು ನಿಂತಿರುತ್ತವೆ. ಎರಡರ ಹಿಂದೆಯೂ ಅಳತೆ ಇರುವುದಿಲ್ಲ.

ಅಳತೆ ಇರುವುದು ರಸ್ತೆಯ ಮೇಲೆ. ಟೈರ್ ಉಜ್ಜಿದ ಗುರುತು, ಗಾಡಿಗಳು ಹೋಗಿ ನಿಂತ ಜಾಗ, ಉದುರಿದ ಮಣ್ಣು. ಹೈಸ್ಕೂಲಿನ ಫಿಸಿಕ್ಸ್ ಸ್ವಲ್ಪ ನೆನಪಿದ್ದರೆ ಇವುಗಳಿಂದ ವೇಗವನ್ನು ಅಂದಾಜು ಮಾಡಬಹುದು. ಅಂದಾಜು ಮಾತ್ರ. "63 ಕಿ.ಮೀ." ಅಂತ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. "58ರಿಂದ 68ರ ಒಳಗೆ" ಅನ್ನುವವರಿಗೆ ಕೆಲಸ ಗೊತ್ತಿದೆ ಅಂದುಕೊಳ್ಳಿ. ವೇಗ ಇಷ್ಟೇ ಅಂತ ಸಾಬೀತು ಮಾಡುವುದು ಕಷ್ಟ. ಆದರೆ ಯಾರೋ ಹೇಳಿದ ವೇಗ ಸಾಧ್ಯವೇ ಇಲ್ಲ ಅಂತ ತೋರಿಸುವುದು ಸುಲಭ. ನನ್ನ ಪ್ರಕಾರ ಈ ಲೆಕ್ಕದ ನಿಜವಾದ ಬೆಲೆ ಇರುವುದು ಅಲ್ಲಿ.

ಮೊದಲು ರಸ್ತೆ, ಆಮೇಲೆ ಲೆಕ್ಕ

ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 108 ಅಥವಾ 112. ಉಳಿದದ್ದೆಲ್ಲ ಆಮೇಲೆ.

ಗಾಡಿಗಳನ್ನು ಪಕ್ಕಕ್ಕೆ ತಳ್ಳುವ ಮುಂಚೆ ಫೋಟೋ ಆಗಬೇಕು. ಹಿಂದೆ ಜಾಮ್ ಆಗಿ ಜನ ಹಾರ್ನ್ ಹೊಡೆಯುತ್ತಿರುತ್ತಾರೆ, ಆದರೂ ಎರಡು ನಿಮಿಷ ಸಿಗುತ್ತದೆ. ಜನ ಸಾಮಾನ್ಯವಾಗಿ ಜಜ್ಜಿಹೋದ ಬಂಪರನ್ನೇ ಹತ್ತು ಫೋಟೋ ತೆಗೆಯುತ್ತಾರೆ. ಬಂಪರ್ ಎಲ್ಲಿಗೂ ಹೋಗುವುದಿಲ್ಲ, ಗ್ಯಾರೇಜಿನಲ್ಲೂ ತೆಗೆಯಬಹುದು. ರಸ್ತೆ ಮೇಲಿನ ಗುರುತು ಸಂಜೆಯ ಹೊತ್ತಿಗೆ ಅಳಿಸಿರುತ್ತದೆ. ಹಾಗಾಗಿ ಕ್ಯಾಮೆರಾ ನೆಲದ ಕಡೆ ತಿರುಗಲಿ. ಎರಡೂ ಗಾಡಿಗಳ ಚಕ್ರ ನಿಂತ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕಿ. ಚಾಕ್ ಇಲ್ಲದಿದ್ದರೆ ಇಟ್ಟಿಗೆ ಚೂರು ಸಾಕು. ಪಕ್ಕದ ಕರೆಂಟ್ ಕಂಬದ ನಂಬರ್, ಕಿಲೋಮೀಟರ್ ಕಲ್ಲು, ಅಂಗಡಿಯ ಮೆಟ್ಟಿಲು, ಹೀಗೆ ನಾಳೆಯೂ ಅಲ್ಲೇ ಇರುವ ಒಂದು ವಸ್ತುವಿನಿಂದ ದೂರ ಅಳೆಯಿರಿ.

ಡಿಕ್ಕಿ ಆದ ಜಾಗವನ್ನು ಗುರುತಿಸುವುದು ಸ್ವಲ್ಪ ನಾಜೂಕಿನ ಕೆಲಸ. ಗಾಜಿನ ಚೂರು ಬಿದ್ದಲ್ಲೇ ಡಿಕ್ಕಿ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಾಜು ಹಾರಿ ಮುಂದೆ ಬೀಳುತ್ತದೆ. ಮಡ್‌ಗಾರ್ಡಿನ ಒಳಗೆ, ಬಂಪರಿನ ಅಡಿಯಲ್ಲಿ ಅಂಟಿಕೊಂಡಿದ್ದ ಒಣ ಮಣ್ಣು ಅದಕ್ಕಿಂತ ಒಳ್ಳೆಯ ಸಾಕ್ಷಿ. ಗುದ್ದಿದ ಏಟಿಗೆ ಅದು ಕಳಚಿ, ತೀರಾ ಕೆಳಗಿನಿಂದ ಬೀಳುವುದರಿಂದ ಜಾಸ್ತಿ ದೂರ ಹೋಗುವುದಿಲ್ಲ. ಇನ್ನೊಂದು ಸುಳಿವು ಬ್ರೇಕ್ ಮಾರ್ಕಿನಲ್ಲೇ ಇರುತ್ತದೆ. ನೇರವಾಗಿ ಬಂದ ಕಪ್ಪು ಗೆರೆ ಒಂದು ಕಡೆ ಥಟ್ಟನೆ ಸೊಟ್ಟಗಾಗಿದ್ದರೆ, ಅಥವಾ ದಪ್ಪಗಾಗಿದ್ದರೆ, ಡಿಕ್ಕಿ ಆದದ್ದು ಅಲ್ಲೇ. ಬ್ರೇಕ್ ಒತ್ತಿಕೊಂಡು ನಿಂತಿದ್ದ ಮುಂದಿನ ಕಾರಿನ ಗೆರೆಗಳು ಶುರುವಾಗುವುದೂ ಅಲ್ಲಿಂದಲೇ.

ಈಗ ಮೂರು ದೂರ ಅಳೆಯಿರಿ. ಹಿಂದಿನ ಗಾಡಿ ಗುದ್ದುವ ಮುಂಚೆ ಎಷ್ಟು ಉಜ್ಜಿಕೊಂಡು ಬಂತು. ಗುದ್ದಿದ ಮೇಲೆ ಎಷ್ಟು ಮುಂದೆ ಹೋಯಿತು. ಗುದ್ದಿಸಿಕೊಂಡ ಗಾಡಿ ಎಷ್ಟು ಮುಂದೆ ಹೋಯಿತು. ಒಂದು ಎಚ್ಚರ: ನಾಲ್ಕೂ ಚಕ್ರ ಲಾಕ್ ಆಗಿದ್ದರೆ ಹಿಂದಿನ ಚಕ್ರದ ಗೆರೆ ಮುಂದಿನ ಚಕ್ರದ ಗೆರೆಯ ಮೇಲೇ ಬರುತ್ತದೆ. ಗೆರೆಯ ಪೂರ್ತಿ ಉದ್ದ ಅಳೆದರೆ ಕಾರು ನಿಜವಾಗಿ ಹೋದ ದೂರಕ್ಕಿಂತ ಒಂದು ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) ಜಾಸ್ತಿ ಸಿಗುತ್ತದೆ. ಈಗಿನ ಸ್ವಿಫ್ಟ್ ಆದರೆ ಅದು 2.45 ಮೀಟರ್. ಅಷ್ಟನ್ನು ಕಳೆಯಿರಿ.

ತೂಕ

ಆರ್‌ಸಿ ಕಾರ್ಡಿನಲ್ಲಿ ಅನ್‌ಲೇಡನ್ ವೇಟ್, ಅಂದರೆ ಖಾಲಿ ಗಾಡಿಯ ತೂಕ, ಅಂತ ಇರುತ್ತದೆ. ಅದಕ್ಕೆ ಒಳಗಿದ್ದವರ ತೂಕ, ಲಗೇಜು ಸೇರಿಸಿ. ಐವತ್ತು ಕೆ.ಜಿ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಯಾಕೆ ಅಂತ ಮುಂದೆ ನೋಡೋಣ. ಗೂಡ್ಸ್ ಗಾಡಿಯಾದರೆ ಮಾತ್ರ ಆರ್‌ಸಿ ಸಾಲದು. ಲೋಡ್ ಇತ್ತಾ, ಎಷ್ಟಿತ್ತು ಅಂತ ವೇಬ್ರಿಡ್ಜ್ ಚೀಟಿ ನೋಡಬೇಕು.

ರಸ್ತೆಯ ಹಿಡಿತ

ಟೈರಿಗೂ ರಸ್ತೆಗೂ ನಡುವಿನ ಹಿಡಿತವನ್ನು ಘರ್ಷಣಾಂಕ ಅನ್ನುತ್ತಾರೆ. ಒಣಗಿದ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ಕಾರಿಗೆ 0.7ರಿಂದ 0.8. ಒದ್ದೆ ಆದರೆ 0.45ರಿಂದ 0.6ರ ಆಸುಪಾಸು. ಜಲ್ಲಿ ಹರಡಿದ್ದರೆ, ಮರಳು ಬಿದ್ದಿದ್ದರೆ ಇನ್ನೂ ಕಮ್ಮಿ ಆಗಬಹುದು. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ದಿನ ರಸ್ತೆಯಲ್ಲಿ ಎಣ್ಣೆ, ದೂಳು ಕಲಸಿ ಜಾರುವುದು ಎಲ್ಲರಿಗೂ ಗೊತ್ತು. ಆ ದಿನದ ಕೇಸಿಗೆ ಒಣ ರಸ್ತೆಯ ಅಂಕಿ ಹಾಕಿದರೆ ವೇಗ ಸುಮ್ನೆ ಜಾಸ್ತಿ ಬರುತ್ತದೆ. ಲಾರಿ, ಬಸ್ಸಿನ ಟೈರ್ ರಬ್ಬರ್ ಗಟ್ಟಿ, ಅದರ ಹಿಡಿತ ಕಾರಿಗಿಂತ ಕಡಿಮೆ ಅಂತ ಹಿಡಿಯಬೇಕು.

ರಸ್ತೆ ಇಳಿಜಾರಾಗಿದ್ದರೆ ಅಷ್ಟನ್ನು ಕಳೆಯಿರಿ. ನೂರು ಮೀಟರಿಗೆ ಮೂರು ಮೀಟರ್ ಇಳಿಯುವ ರಸ್ತೆಯಾದರೆ 0.7 ಹೋಗಿ 0.67. ಏರು ಆದರೆ ಕೂಡಿಸಿ.

ಊಹೆ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಅದೇ ರಸ್ತೆಯಲ್ಲಿ, ಅದೇ ತರದ ಟೈರಿನ ಕಾರನ್ನು 40 ಕಿ.ಮೀ. ವೇಗದಲ್ಲಿ ಓಡಿಸಿ ಪೂರ್ತಿ ಬ್ರೇಕ್ ಒತ್ತುವುದು. ಬ್ರೇಕ್ ಒತ್ತಿದ ಜಾಗದಿಂದ 9 ಮೀಟರಿನಲ್ಲಿ ನಿಂತರೆ ಘರ್ಷಣಾಂಕ 0.7. ಇದನ್ನು ಪೊಲೀಸರು ರಸ್ತೆ ಬಂದ್ ಮಾಡಿಸಿ, ಗೊತ್ತಿರುವವರ ಕೈಲಿ ಮಾಡಿಸಬೇಕು. ನೀವಾಗಿ ಹೆದ್ದಾರಿಯಲ್ಲಿ ಪ್ರಯೋಗ ಮಾಡಲು ಹೋಗಿ ಇನ್ನೊಂದು ಡಿಕ್ಕಿ ಮಾಡಿಸಬೇಡಿ.

ಲೆಕ್ಕ: ಕೊನೆಯಿಂದ ಶುರು

ಘಟನೆ ನಡೆದದ್ದು ಬ್ರೇಕ್, ಡಿಕ್ಕಿ, ನಿಲ್ಲುವುದು ಈ ಕ್ರಮದಲ್ಲಿ. ಲೆಕ್ಕ ಹೋಗುವುದು ಉಲ್ಟಾ. ಗಾಡಿ ನಿಂತಾಗ ವೇಗ ಸೊನ್ನೆ, ಅದೊಂದೇ ನಮಗೆ ಖಚಿತವಾಗಿ ಗೊತ್ತಿರುವುದು.

ಬೇಕಾಗಿರುವ ಸೂತ್ರ ಒಂದು:

ವೇಗ = 15.95 × √(ಘರ್ಷಣಾಂಕ × ದೂರ)

ದೂರ ಮೀಟರಿನಲ್ಲಿ, ವೇಗ ಗಂಟೆಗೆ ಕಿ.ಮೀ.ನಲ್ಲಿ. ಗಾಡಿಯ ಚಲನಶಕ್ತಿ ಪೂರ್ತಿ ಟೈರ್ ಉಜ್ಜುವುದರಲ್ಲಿ ಖರ್ಚಾಯಿತು ಅನ್ನುವುದೇ ಇದರ ಹಿಂದಿನ ಮಾತು. 15.95 ಬಂದದ್ದು ಗುರುತ್ವದ 9.81 ಮತ್ತು ಸೆಕೆಂಡಿನ ಮೀಟರನ್ನು ಗಂಟೆಯ ಕಿಲೋಮೀಟರ್ ಮಾಡುವ 3.6, ಇವೆರಡರಿಂದ. ಸೂತ್ರದಲ್ಲಿ ತೂಕ ಇಲ್ಲ ಗಮನಿಸಿ. ಭಾರದ ಗಾಡಿಗೆ ನಿಲ್ಲಿಸಬೇಕಾದ ಶಕ್ತಿ ಜಾಸ್ತಿ, ಅದರ ಟೈರಿನ ಹಿಡಿತವೂ ಅಷ್ಟೇ ಜಾಸ್ತಿ. ಎರಡೂ ವಜಾ ಆಗುತ್ತವೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಿಗ್ನಲ್ಲಿನಲ್ಲಿ ಒಂದು ಸಣ್ಣ ಕಾರು ಬ್ರೇಕ್ ಒತ್ತಿಕೊಂಡು ನಿಂತಿದೆ, ಜನ ಸೇರಿ 1000 ಕೆ.ಜಿ. ಹಿಂದಿನಿಂದ 1800 ಕೆ.ಜಿ.ಯ ಒಂದು ಎಸ್‌ಯುವಿ ಬಂದು ಗುದ್ದಿತು. ಒಣ ರಸ್ತೆ, ಘರ್ಷಣಾಂಕ 0.7. ಗುದ್ದುವ ಮುಂಚೆ ಎಸ್‌ಯುವಿ 12 ಮೀಟರ್ ಉಜ್ಜಿದೆ. ಗುದ್ದಿದ ಮೇಲೆ ಅದು 3.5 ಮೀಟರ್ ಹೋಗಿ ನಿಂತಿದೆ, ಸಣ್ಣ ಕಾರು 6 ಮೀಟರ್ ಹೋಗಿ ನಿಂತಿದೆ. ಎರಡರ ಟೈರೂ ಉದ್ದಕ್ಕೂ ಗೆರೆ ಬಿಟ್ಟಿವೆ.

ಗುದ್ದಿದ ಮರುಕ್ಷಣ ಸಣ್ಣ ಕಾರಿನ ವೇಗ: 0.7 × 6 = 4.2. ವರ್ಗಮೂಲ 2.05. 15.95ರಿಂದ ಗುಣಿಸಿದರೆ 32.7 ಕಿ.ಮೀ.

ಅದೇ ಕ್ಷಣ ಎಸ್‌ಯುವಿಯ ವೇಗ: 0.7 × 3.5 = 2.45. ವರ್ಗಮೂಲ 1.565. ವೇಗ 25 ಕಿ.ಮೀ.

ಈಗ ಡಿಕ್ಕಿಯನ್ನು ದಾಟಬೇಕು. ಇಲ್ಲಿ ಸಂವೇಗ ಸಂರಕ್ಷಣೆ ಬರುತ್ತದೆ. ಕೇರಂ ಸ್ಟ್ರೈಕರ್ ಕಾಯಿಗೆ ಹೊಡೆದಾಗ ಕಾಯಿ ಓಡುತ್ತದೆ, ಸ್ಟ್ರೈಕರ್ ನಿಧಾನವಾಗುತ್ತದೆ. ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆಯುತ್ತದೆ. ತೂಕ × ವೇಗದ ಮೊತ್ತ ಡಿಕ್ಕಿಯ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ. ಲೋಹ ಎಷ್ಟೇ ಜಜ್ಜಿಹೋಗಿರಲಿ, ಈ ಲೆಕ್ಕ ಕೆಡುವುದಿಲ್ಲ.

ಡಿಕ್ಕಿ ಆದ ಮೇಲೆ: 1800 × 25 + 1000 × 32.7 = 77,700.
ಡಿಕ್ಕಿಗೆ ಮುಂಚೆ ಸಣ್ಣ ಕಾರು ನಿಂತಿತ್ತು, ಅದರ ಪಾಲು ಸೊನ್ನೆ. ಪೂರ್ತಿ 77,700 ಎಸ್‌ಯುವಿಯದ್ದೇ. 1800ರಿಂದ ಭಾಗಿಸಿದರೆ 43 ಕಿ.ಮೀ. ಗುದ್ದುವ ಕ್ಷಣದಲ್ಲಿ ಇದ್ದ ವೇಗ ಇದು.

ಆದರೆ ಅದಕ್ಕೂ ಮುಂಚೆ ಅದು 12 ಮೀಟರ್ ಉಜ್ಜಿಕೊಂಡು ಬಂದಿದೆಯಲ್ಲ. ಆ 12 ಮೀಟರಿಗೆ ಸೂತ್ರ ಹಾಕಿದರೆ 46 ಕಿ.ಮೀ. ಬರುತ್ತದೆ. ಜನ ಎಡವುವುದು ಇಲ್ಲೇ. 43 ಮತ್ತು 46 ಕೂಡಿಸಿ "89ರಲ್ಲಿ ಬಂದ" ಅಂದುಬಿಡುತ್ತಾರೆ. ವೇಗಗಳನ್ನು ಹಾಗೆ ಕೂಡಬಾರದು. ಕೂಡಬೇಕಾದದ್ದು ಶಕ್ತಿಯನ್ನು, ಅಂದರೆ ವೇಗದ ವರ್ಗಗಳನ್ನು:

√(43.1² + 46.2²) = √3992 = 63 ಕಿ.ಮೀ.

ಎಸ್‌ಯುವಿ ಚಾಲಕ ಬ್ರೇಕ್ ಒತ್ತುವಾಗ 63ರ ಆಸುಪಾಸಿನಲ್ಲಿದ್ದ. "ನಲವತ್ತು" ಅನ್ನುವುದು ಸುಳ್ಳು, "ನೂರರ ಮೇಲೆ" ಅನ್ನುವುದೂ ಸುಳ್ಳು. ಅಲ್ಲ, ಗುದ್ದುವಾಗ 43 ಇತ್ತಲ್ಲ, ನಲವತ್ತು ಅಂದದ್ದರಲ್ಲಿ ಅರ್ಧ ನಿಜ ಇದೆ ಅಂತ ವಕೀಲರು ವಾದಿಸಬಹುದು. ಹಾಗಾಗಿ ಗುದ್ದಿದ ವೇಗ ಬೇರೆ, ಓಡಿಸುತ್ತಿದ್ದ ವೇಗ ಬೇರೆ ಅಂತ ವರದಿಯಲ್ಲಿ ಬಿಡಿಸಿ ಬರೆಯಬೇಕು.

ಬಂದ ಉತ್ತರವನ್ನು ಅಲುಗಾಡಿಸಿ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ.

ಮೊದಲು ಘರ್ಷಣಾಂಕ. 0.7ರ ಬದಲು 0.6 ಅಂದರೆ ಉತ್ತರ 58.5. 0.8 ಅಂದರೆ 67.6. ಅಂದರೆ ನಮ್ಮ ಉತ್ತರ 58ರಿಂದ 68. ಈಗ ತೂಕ. ಸಣ್ಣ ಕಾರು 1000 ಅಲ್ಲ, 1100 ಕೆ.ಜಿ. ಇತ್ತು ಅಂದುಕೊಳ್ಳಿ. ಉತ್ತರ 63ರಿಂದ 64.5ಕ್ಕೆ ಹೋಗುತ್ತದೆ, ಅಷ್ಟೇ. ನೂರು ಕೆ.ಜಿ. ತಪ್ಪಾದರೂ ಒಂದೂವರೆ ಕಿ.ಮೀ. ವ್ಯತ್ಯಾಸ. ಹಿಂದಿನ ಸೀಟಿನಲ್ಲಿ ಇದ್ದದ್ದು ಇಬ್ಬರಾ ಮೂವರಾ ಅಂತ ಜಗಳ ಆಡುವ ಬದಲು ರಸ್ತೆ ಒದ್ದೆ ಇತ್ತಾ ಒಣಗಿತ್ತಾ ಅಂತ ಕೇಳಿ.

ಆಮೇಲೆ, ಮುಂದಿನ ಕಾರಿನವರ ಕಾಲು ಬ್ರೇಕ್ ಮೇಲೇ ಇತ್ತಾ? ಹಿಂದಿನಿಂದ ಏಟು ಬಿದ್ದಾಗ ಕಾಲು ಜಾರುವುದು ಮಾಮೂಲು. ಬ್ರೇಕ್ ಇಲ್ಲದೆ ನ್ಯೂಟ್ರಲ್‌ನಲ್ಲಿ 30 ಕಿ.ಮೀ. ವೇಗ ಪಡೆದ ಕಾರು ಸಮತಟ್ಟಾದ ರಸ್ತೆಯಲ್ಲಿ 200 ಮೀಟರಿಗೂ ಜಾಸ್ತಿ ಉರುಳುತ್ತದೆ. ಆರು ಮೀಟರಿನಲ್ಲಿ ನಿಂತಿದೆ ಅಂದರೆ ಏನೋ ಹಿಡಿದಿದೆ. ಬರೀ ಹ್ಯಾಂಡ್‌ಬ್ರೇಕ್ ಹಿಡಿದಿತ್ತು ಅಂದರೆ ಒಟ್ಟು ಹಿಡಿತ 0.25ರ ಹತ್ತಿರ ಇರುತ್ತದೆ, ಆಗ ಅದರ ವೇಗ 19.5 ಬರುತ್ತದೆ. ಎಸ್‌ಯುವಿಯದ್ದು 25. ಇದು ಆಗುವ ಮಾತಲ್ಲ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಗುದ್ದಿದ ಗಾಡಿಗಿಂತ ನಿಧಾನವಾಗಿ ಹೋಗಬೇಕಾದರೆ ಹಿಂದಿನ ಗಾಡಿ ಅದರ ಮೂಲಕವೇ ತೂರಿಕೊಂಡು ಹೋಗಬೇಕು. ಹೀಗೆ ಒಂದು ಊಹೆ ತಾನಾಗೇ ಬಿದ್ದುಹೋಗುತ್ತದೆ. ಇನ್ನು, ಹಿಂದಿನ ಮಡ್‌ಗಾರ್ಡ್ ಜಜ್ಜಿ ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ ಅದೂ ಬ್ರೇಕ್ ಹಿಡಿದ ಹಾಗೇ. ಗ್ಯಾರೇಜಿಗೆ ಹೋಗಿ ಚಕ್ರ ತಿರುಗುತ್ತದಾ ಅಂತ ಕೈಯಲ್ಲೇ ತಿರುಗಿಸಿ ನೋಡಿ.

ನಾಲ್ಕನೇ ಪರೀಕ್ಷೆ ಪುಟಿಯುವಿಕೆಯದ್ದು. ಡಿಕ್ಕಿಯ ಮೇಲೆ ಎರಡೂ ಗಾಡಿ ಒಂದರಿಂದ ಒಂದು ದೂರ ಸರಿದ ವೇಗವನ್ನು, ಅವು ಹತ್ತಿರ ಬಂದ ವೇಗದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 32.7ರಲ್ಲಿ 25 ಕಳೆದರೆ 7.7. ಅದನ್ನು 43ರಿಂದ ಭಾಗಿಸಿದರೆ 0.18. ಇಷ್ಟು ಜೋರಿನ ಡಿಕ್ಕಿಗೆ 0.1ರಿಂದ 0.3 ಬಂದರೆ ಒಪ್ಪಬಹುದು. ಟ್ರಾಫಿಕ್ಕಿನಲ್ಲಿ ಬಂಪರಿಗೆ ಬಂಪರ್ ಮೆಲ್ಲಗೆ ತಾಗಿದಾಗ ಇದು ಇನ್ನೂ ಜಾಸ್ತಿ ಇರುತ್ತದೆ.

ಈ ಪುಟ್ಟ ಸಂಖ್ಯೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮುಂದಿನ ಕಾರು ನಿಜವಾಗಿ ನಿಂತಿತ್ತಾ? ಅದು 20 ಕಿ.ಮೀ.ನಲ್ಲಿ ಹೋಗುತ್ತಿತ್ತು ಅಂತ ಎದುರು ಪಕ್ಷ ಹೇಳಿದರೆ, 77,700ರಲ್ಲಿ 20,000 ಕಾರಿನ ಪಾಲಾಗುತ್ತದೆ. ಎಸ್‌ಯುವಿಗೆ ಉಳಿಯುವುದು 32 ಕಿ.ಮೀ. ಹತ್ತಿರ ಬಂದ ವೇಗ 12, ದೂರ ಸರಿದ ವೇಗ 7.7. ಭಾಗಿಸಿದರೆ 0.64. ಲೋಹ ಅಷ್ಟೊಂದು ಪುಟಿಯುವುದಿಲ್ಲ, ಆ ಹೇಳಿಕೆ ನಿಲ್ಲುವುದಿಲ್ಲ. ಆದರೆ 10 ಕಿ.ಮೀ.ನಲ್ಲಿ ಇತ್ತು ಅಂದರೆ 0.28 ಬರುತ್ತದೆ. ಅದನ್ನು ತಳ್ಳಿಹಾಕಲು ಆಗುವುದಿಲ್ಲ, ಆಗ ಎಸ್‌ಯುವಿ ಮೊದಲು 60ರ ಹತ್ತಿರ ಇತ್ತು ಅಂತ ಒಪ್ಪಬೇಕು. ಸಂವೇಗದ ಸಮೀಕರಣ ಒಂದೇ. ಗೊತ್ತಿಲ್ಲದ ವೇಗ ಎರಡಾದರೆ ಅದೊಂದೇ ಉತ್ತರ ಕೊಡಲ್ಲ. ಬೇರೆ ಸಾಕ್ಷಿ ಬೇಕು. ಹಳೆಯ ಕಾರಾದರೆ ಹಿಂದಿನ ಬ್ರೇಕ್ ಲೈಟಿನ ಬಲ್ಬು ಬಿಚ್ಚಿ ನೋಡಿ. ಉರಿಯುತ್ತಿರುವಾಗ ಏಟು ಬಿದ್ದರೆ ಬಿಸಿ ತಂತಿ ಎಳೆದುಕೊಂಡು ಸೊಟ್ಟಗಾಗಿರುತ್ತದೆ. ಎಲ್‌ಇಡಿ ಆದರೆ ಈ ಸುಳಿವು ಸಿಗಲ್ಲ.

ಗಾಡಿಯ ಡ್ಯಾಮೇಜ್ ನೋಡಿ ವೇಗ ಹೇಳಬಹುದಾ?

"ನಮ್ಮ ಗಾಡಿಗೆ ಏನೂ ಆಗಿಲ್ಲ ನೋಡಿ, ನಿಧಾನಕ್ಕೆ ಬಂದಿದ್ವಿ" ಅನ್ನುವ ವಾದ ತುಂಬ ಕೇಳಿಬರುತ್ತದೆ. ನಮ್ಮ ಉದಾಹರಣೆಯಲ್ಲೇ ನೋಡಿ. ಡಿಕ್ಕಿಯಲ್ಲಿ ಎಸ್‌ಯುವಿ 43ರಿಂದ 25ಕ್ಕೆ ಇಳಿಯಿತು, ಅದಕ್ಕೆ ಆದ ಬದಲಾವಣೆ 18 ಕಿ.ಮೀ. ಸಣ್ಣ ಕಾರು ಸೊನ್ನೆಯಿಂದ 32.7ಕ್ಕೆ ಹಾರಿತು. ಒಂದೇ ಡಿಕ್ಕಿ, ಆದರೆ ಹಗುರ ಗಾಡಿಯೊಳಗಿದ್ದವರ ಕುತ್ತಿಗೆಗೆ ಬಿದ್ದ ಏಟು ಹೆಚ್ಚುಕಮ್ಮಿ ಎರಡರಷ್ಟು. ಎಸ್‌ಯುವಿ ಮುಂಭಾಗ ಅಷ್ಟೇನೂ ಜಜ್ಜಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಇಲ್ಲ. ಏರ್‌ಬ್ಯಾಗ್ ಬಿಚ್ಚಿಲ್ಲ ಅನ್ನುವುದೂ ಹಾಗೇ. ಮುಂದಿನ ಏರ್‌ಬ್ಯಾಗ್ ಇರುವುದು ಮುಂದಿನಿಂದ ಬೀಳುವ ಏಟಿಗೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನಲ್ಲಿ ಅದು ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದೇ ಇಲ್ಲ.

ಜಜ್ಜಿದ ಆಳ ಅಳೆದು ವೇಗ ಕಂಡುಹಿಡಿಯುವ ವಿಧಾನ ಇದೆ. ಜನರಲ್ ಮೋಟರ್ಸ್‌ನ ಕ್ಯಾಂಪ್‌ಬೆಲ್ 1974ರಲ್ಲಿ, ಗೋಡೆಗೆ ಗುದ್ದಿಸಿದ ಕಾರುಗಳಲ್ಲಿ ಜಜ್ಜಿದ ಆಳಕ್ಕೂ ವೇಗಕ್ಕೂ ಸರಳರೇಖೆಯ ಸಂಬಂಧ ಇದೆ ಅಂತ ತೋರಿಸಿದರು. ಅಮೆರಿಕದಲ್ಲಿ ಅದರ ಮೇಲೆ ಇಡೀ ಶಾಸ್ತ್ರವೇ ಬೆಳೆಯಿತು. ಆದರೆ ಅದಕ್ಕೆ ಆಯಾ ಮಾಡೆಲ್ಲಿನ ಗಡಸುತನದ ಅಂಕಿ ಬೇಕು, ಕ್ರ್ಯಾಶ್ ಟೆಸ್ಟಿನಿಂದ ಬರುವ ಅಂಕಿ. ಅಲ್ಲಿನ ಕಾರಿನ ಅಂಕಿ ತಂದು ಇಲ್ಲಿನ ಆಲ್ಟೋಗೆ ಹಾಕಬೇಡಿ. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನ 64 ಕಿ.ಮೀ. ಟೆಸ್ಟಿನ ಫೋಟೋ ಪಕ್ಕದಲ್ಲಿಟ್ಟು "ಇದಕ್ಕಿಂತ ಕಮ್ಮಿ ಜಜ್ಜಿದೆ" ಅನ್ನುವುದೂ ತಪ್ಪು. ಅಲ್ಲಿ ತಡೆಗೋಡೆ ಅಲ್ಲಾಡಲ್ಲ. ಇಲ್ಲಿ ಮುಂದಿನ ಕಾರು ಓಡಿಹೋಗುತ್ತದೆ.

ಗೆರೆಯೇ ಇಲ್ಲದಿದ್ದರೆ

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದ ಹಾಗೆ ಅದು ತಡೆಯುತ್ತದೆ. ಚಕ್ರ ಲಾಕ್ ಆಗದಿದ್ದರೆ ದಪ್ಪ ಕಪ್ಪು ಗೆರೆ ಬೀಳಲ್ಲ. ಬಿಸಿಲಿಗೆ ಓರೆಯಾಗಿ ಬಗ್ಗಿ ನೋಡಿದರೆ ಬಿಟ್ಟು ಬಿಟ್ಟು ಬೂದು ನೆರಳಿನ ಹಾಗೆ ಕಾಣಬಹುದು. ಕಾಣಲಿಲ್ಲ ಅಂದರೆ ಬ್ರೇಕೇ ಹಾಕಿಲ್ಲ ಅಂತ ಅರ್ಥ ಅಲ್ಲ. ಆಗ ಸಿಗುವ ಉತ್ತರ "ಕನಿಷ್ಠ ಇಷ್ಟು ವೇಗ" ಅನ್ನುವುದು ಮಾತ್ರ, ಗುದ್ದುವಾಗಿನ 43.

ಆಗ ವಿಡಿಯೋ ಹುಡುಕಬೇಕು. ಪೆಟ್ರೋಲ್ ಬಂಕ್, ಎಟಿಎಂ, ಬೇಕರಿ, ಹಿಂದಿದ್ದ ಕಾರಿನ ಡ್ಯಾಶ್‌ಕ್ಯಾಮ್. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರುತ್ತದೆ, ಅದೇ ದಿನ ಹೋಗಿ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಲಿಪ್ ಲೆಕ್ಕಕ್ಕೆ ಬೇಡ. ಅದು ಕುಗ್ಗಿರುತ್ತದೆ, ಫ್ರೇಮ್‌ಗಳ (ವಿಡಿಯೋದ ಒಂದೊಂದು ಚಿತ್ರದ) ಲೆಕ್ಕ ತಪ್ಪಿರಬಹುದು. ರೆಕಾರ್ಡಿಂಗ್ ಕೂಡಿಡುವ ಪೆಟ್ಟಿಗೆಯಿಂದ (ಡಿವಿಆರ್) ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ.

ಲೆಕ್ಕ ಸುಲಭ. ವಿಡಿಯೋದಲ್ಲಿ ಕಾಣುವ ಎರಡು ಜಾಗ ಆರಿಸಿ. ಒಂದು ಕಂಬದ ಬುಡ, ಇನ್ನೊಂದು ಮ್ಯಾನ್‌ಹೋಲ್ ಅನ್ನಿ. ನಡುವಿನ ದೂರವನ್ನು ಸ್ಥಳದಲ್ಲಿ ಅಳೆಯಿರಿ. ಮುಂದಿನ ಚಕ್ರ ಮೊದಲ ಜಾಗ ಮುಟ್ಟಿದ ಫ್ರೇಮಿನಿಂದ ಎರಡನೆಯದನ್ನು ಮುಟ್ಟುವ ಫ್ರೇಮಿನವರೆಗೆ ಎಣಿಸಿ. 20 ಮೀಟರಿಗೆ 30 ಫ್ರೇಮ್, ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿನದು ಅಂದರೆ ಸಮಯ 1.2 ಸೆಕೆಂಡ್, ವೇಗ 60 ಕಿ.ಮೀ. ಒಂದು ಫ್ರೇಮ್ ಆಚೀಚೆ ಆದರೆ 58ರಿಂದ 62. ಇದೇ ಕೆಲಸವನ್ನು ಕಾರಿನ ವೀಲ್‌ಬೇಸಿನಷ್ಟೇ ದೂರ ಇಟ್ಟುಕೊಂಡು ಮಾಡಿದರೆ ನಾಲ್ಕು ಫ್ರೇಮೂ ಸಿಗಲ್ಲ, ಉತ್ತರ ಎತ್ತೆತ್ತಲೋ ಹೋಗುತ್ತದೆ. ದೂರ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಫ್ರೇಮ್ ರೇಟ್ ಎಷ್ಟು ಅಂತ ಫೈಲಿನ ಮಾಹಿತಿಯಲ್ಲಿ ನೋಡಿ, ಊಹಿಸಬೇಡಿ. 12, 15ರ ಕ್ಯಾಮೆರಾಗಳೂ ಬೇಕಾದಷ್ಟಿವೆ.

ಟ್ಯಾಕ್ಸಿ, ಬಸ್ಸುಗಳಲ್ಲಿ ಎಐಎಸ್-140 ಅನ್ನುವ ಸರ್ಕಾರಿ ಮಾನದಂಡದ ಟ್ರ್ಯಾಕರ್ ಇದ್ದರೆ ಜಿಪಿಎಸ್ ವೇಗವೇ ದಾಖಲಾಗಿರುತ್ತದೆ. ಕೆಲವು ಕಾರುಗಳ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದನ್ನು ಹಿಡಿದಿಟ್ಟಿರುತ್ತದೆ. ಅಮೆರಿಕದ ನಿಯಮದಲ್ಲಿ ಇದಕ್ಕೆ ಬಹಳ ವರ್ಷ 5 ಸೆಕೆಂಡಿನ ಲೆಕ್ಕವಿತ್ತು. ಆ ಯೂನಿಟ್ಟನ್ನು ವರ್ಕ್‌ಶಾಪಿನವರು ಬದಲಾಯಿಸಿ ಗುಜರಿಗೆ ಹಾಕುವ ಮುಂಚೆ ಜೋಪಾನ ಮಾಡಿ ಅಂತ ತನಿಖಾಧಿಕಾರಿಗೆ ಬರಹದಲ್ಲಿ ಕೊಡಿ. ಮುಳ್ಳು ನಿಂತುಹೋದ ಸ್ಪೀಡೋಮೀಟರನ್ನು ಮಾತ್ರ ಗಟ್ಟಿ ಸಾಕ್ಷಿ ಅಂತ ನಂಬಬೇಡಿ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

ಬೈಕು ಲಾರಿಗೆ ಹಿಂದಿನಿಂದ ಹೊಡೆದರೆ ಸಂವೇಗದ ಲೆಕ್ಕ ಬಿಟ್ಟುಬಿಡಿ. ಸವಾರ ಸೇರಿ 220 ಕೆ.ಜಿ.ಯ ಬೈಕು ಲಾರಿಗಿಂತ 50 ಕಿ.ಮೀ. ಜಾಸ್ತಿ ವೇಗದಲ್ಲಿ ಬಂದು 16 ಟನ್ನಿನ ಆ ಲಾರಿಗೆ ಗುದ್ದಿದರೂ ಲಾರಿಯ ವೇಗ 1 ಕಿ.ಮೀ.ನಷ್ಟೂ ಬದಲಾಗಲ್ಲ. ಅಳೆಯಲು ಏನೂ ಸಿಗುವುದಿಲ್ಲ. ಕಾರು ಲಾರಿಯ ಹಿಂಭಾಗದ ಅಡಿಗೆ ನುಗ್ಗಿದಾಗಲೂ ಜಜ್ಜಿದ ಆಳ ನೋಡಿ ವೇಗ ಹೇಳಬಾರದು. ಅಲ್ಲಿ ಏಟು ತಿಂದದ್ದು ಗಟ್ಟಿಯಾದ ಬಂಪರು, ಚಾಸಿ ಅಲ್ಲ, ಮೇಲಿನ ಗಾಜು, ಟಾಪು ಹೊತ್ತ ಕಂಬ, ಟಾಪು.

ಸರಣಿ ಡಿಕ್ಕಿಯಲ್ಲಿ ಯಾರು ಮೊದಲು ಅನ್ನುವುದು ವೇಗಕ್ಕಿಂತ ದೊಡ್ಡ ಪ್ರಶ್ನೆ. ಎಲ್ಲಕ್ಕಿಂತ ಮುಂದಿದ್ದ ಕಾರಿನವರನ್ನು ಕೇಳಿ: ಏಟು ಒಂದು ಸಲ ಬಿತ್ತಾ, ಎರಡು ಸಲವಾ? ಆಮೇಲೆ ನಡುವಿನ ಕಾರಿನ ಮುಂದಿನ ಬಂಪರ್ ನೋಡಿ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಮೂಗು ಕೆಳಗೆ ಬಾಗುತ್ತದೆ, ಆಗ ಗುದ್ದಿದ ಗುರುತು ಮುಂದಿನ ಕಾರಿನಲ್ಲಿ ತಗ್ಗಿನಲ್ಲಿರುತ್ತದೆ. ನಿಂತಿದ್ದಾಗ ಹಿಂದಿನವರು ತಳ್ಳಿ ಗುದ್ದಿಸಿದ್ದರೆ ಎರಡೂ ಬಂಪರ್ ಸಮಕ್ಕೆ ಸಿಗುತ್ತವೆ.

ಸಂಖ್ಯೆ ಸಿಕ್ಕಿತು, ಮುಂದೇನು?

ವೇಗ ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ: ನಿಧಾನಕ್ಕೆ ಬಂದಿದ್ದರೆ ಡಿಕ್ಕಿ ತಪ್ಪುತ್ತಿತ್ತಾ? ನಮ್ಮ ಉದಾಹರಣೆಯ ರಸ್ತೆಯಲ್ಲಿ ಮಿತಿ 50 ಇತ್ತು ಅನ್ನೋಣ. ಅಪಾಯ ಕಂಡು ಕಾಲು ಬ್ರೇಕ್ ಮೇಲೆ ಬರಲು 1.5 ಸೆಕೆಂಡ್ ಅಂತ ಹಿಡಿಯೋಣ. 63ರಲ್ಲಿ ಅಷ್ಟು ಹೊತ್ತಿಗೆ ಗಾಡಿ 26 ಮೀಟರ್ ಹೋಗುತ್ತದೆ. ಅದಕ್ಕೆ ಉಜ್ಜಿದ 12 ಮೀಟರ್ ಸೇರಿಸಿದರೆ, ಚಾಲಕ ಅಪಾಯ ಗಮನಿಸಿದ್ದು ಸುಮಾರು 38 ಮೀಟರ್ ದೂರದಲ್ಲಿ. ಅದೇ ಜಾಗದಲ್ಲಿ 50ರಲ್ಲಿದ್ದಿದ್ದರೆ 21 ಮೀಟರ್ ಯೋಚನೆಗೆ, 14 ಮೀಟರ್ ಬ್ರೇಕಿಗೆ. ಒಟ್ಟು 35. ಮೂರು ಮೀಟರ್ ಉಳಿಯುತ್ತಿತ್ತು, ಡಿಕ್ಕಿಯೇ ಆಗುತ್ತಿರಲಿಲ್ಲ. ಇನ್ನೊಂದು ತಮಾಷೆ ನೋಡಿ: 63ರಲ್ಲೇ ಬಂದಿದ್ದರೂ ಅರ್ಧ ಸೆಕೆಂಡ್ ಮುಂಚೆ ಬ್ರೇಕ್ ಒತ್ತಿದ್ದರೆ ಗುದ್ದುವ ವೇಗ 43 ಅಲ್ಲ, 17 ಆಗುತ್ತಿತ್ತು. ಮೊಬೈಲ್ ನೋಡುತ್ತಿದ್ದನಾ ಅನ್ನುವ ಪ್ರಶ್ನೆ ವೇಗದಷ್ಟೇ ದೊಡ್ಡದು.

ಕಾನೂನಿನಲ್ಲಿ ಹಿಂದಿನವರದ್ದೇ ಯಾವಾಗಲೂ ತಪ್ಪು ಅಂತಿಲ್ಲ. 2018ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಾರಿಯ ಹಿಂದೆ 10ರಿಂದ 15 ಅಡಿ ಅಂತರದಲ್ಲಿ ಬರುತ್ತಿದ್ದ ಕಾರಿನ ಚಾಲಕನದ್ದೇ ನಿರ್ಲಕ್ಷ್ಯ ಅಂದಿತು. 15 ಅಡಿ ದಾಟಲು 60 ಕಿ.ಮೀ. ವೇಗದಲ್ಲಿ ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಾಕು. ಯಾವ ಮನುಷ್ಯನ ಕಾಲೂ ಅಷ್ಟರಲ್ಲಿ ಬ್ರೇಕಿಗೆ ಬರಲ್ಲ. ಆದರೆ 2025ರಲ್ಲಿ ಅದೇ ಕೋರ್ಟ್, ಹೆದ್ದಾರಿಯಲ್ಲಿ ಸೂಚನೆ ಕೊಡದೆ ಏಕಾಏಕಿ ಬ್ರೇಕ್ ಹಾಕಿದ ಮುಂದಿನ ಕಾರಿನ ಚಾಲಕನ ಮೇಲೆ ಅರ್ಧ ಹೊಣೆ ಹೊರಿಸಿತು.

ನಮ್ಮಲ್ಲಿ ಕೇಸಿಗೆ ಬರುವ ಕಾಗದಗಳು ಇಷ್ಟು: ಎಫ್‌ಐಆರ್, ಸ್ಥಳ ಮಹಜರು, ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ಐಎಂವಿ ವರದಿ. ಹಳಬರು ಅವರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಅಂತಲೇ ಕರೆಯುತ್ತಾರೆ. ಆ ವರದಿಯಲ್ಲಿ ಬ್ರೇಕ್ ಸರಿ ಇತ್ತೋ ಇಲ್ಲವೋ ಮತ್ತು ಡ್ಯಾಮೇಜಿನ ಪಟ್ಟಿ ಸಿಗುತ್ತದೆ, ವೇಗ ಸಿಗುವುದು ಅಪರೂಪ. ಮಹಜರು ಬರೆಯುವಾಗ ನೀವು ಅಲ್ಲಿದ್ದರೆ ಮೂರೂ ದೂರಗಳನ್ನು ಮೀಟರಿನಲ್ಲಿ ಬರೆಸಿ. "ಸ್ವಲ್ಪ ಮುಂದೆ" ಅಂತ ಬರೆದದ್ದನ್ನು ಯಾವ ಸೂತ್ರಕ್ಕೂ ಹಾಕಲಾಗದು. ನೀವು ಮಾಡಿದ ಲೆಕ್ಕ ನಿಮ್ಮ ವಕೀಲರಿಗೆ ದಾರಿ ತೋರಿಸಲು ಸಾಕು. ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲಬೇಕಾದರೆ ತಜ್ಞರು ಹೇಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದಕ್ಕೆ ಕಲಂ 39 ಇದೆ. ಸಿಸಿಟಿವಿ ಫೈಲಿನ ಜೊತೆ, ಎಲೆಕ್ಟ್ರಾನಿಕ್ ದಾಖಲೆಗೆ ಸಹಿ ಮಾಡಿ ಕೊಡುವ ಕಲಂ 63ರ ಪ್ರಮಾಣಪತ್ರ ಇರಬೇಕು. ಬೇಕರಿಯವರಿಂದ ಪೆನ್‌ಡ್ರೈವ್ ಇಸ್ಕೊಳ್ಳುವ ದಿನವೇ ಆ ಸಹಿಯನ್ನೂ ಕೇಳಿಬಿಡಿ. ಆರು ತಿಂಗಳ ಮೇಲೆ ಹೋದರೆ ಅಂಗಡಿ ಬೇರೆಯವರ ಕೈಗೆ ಹೋಗಿರಬಹುದು.